ಟಿ206 ಬೇಸ್‌ಬಾಲ್ ತಂಬಾಕು ಕಾರ್ಡುಗಳು: ಮುಂಬದಿ ಒಂದೇ, ಹಿಂಬದಿ ಬೇರೆ. ಪ್ರಭೇದ ಗುರುತಿಸುವುದು ಹೇಗೆ?

ದೂರತೀರ

ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಹಿರಿಯರು ತೀರಿಕೊಂಡ ಮೇಲೆ ಮನೆಯ ಸಾಮಾನನ್ನೆಲ್ಲ ಒಟ್ಟಿಗೆ ಮಾರಾಟಕ್ಕಿಡುವ ರೂಢಿ ಇದೆ. ಅಂಥ ಒಂದು ಮಾರಾಟದಲ್ಲಿ ತಗಡಿನ ಡಬ್ಬಿಯೊಂದಿಗೆ ಕೆಲವು ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ಕೊಂಡೆ. ಬಿಳಿ ಅಂಚು, ನಡುವೆ ಬಣ್ಣದ ಚಿತ್ರ, ಕೆಳಗೆ ಕಂದು ಶಾಯಿಯಲ್ಲಿ ಆಟಗಾರನ ಹೆಸರು ಮತ್ತು ಅವನ ತಂಡದ ಊರು. ಹಿಂಬದಿಯಲ್ಲಿ ಸಿಗರೇಟಿನ ಜಾಹೀರಾತು. ಟಿ206 ಸರಣಿಯವು ಎಂಬಷ್ಟು ತಿಳಿಯಿತು. ಆದರೆ ಪಟ್ಟಿ ನೋಡಲು ಕುಳಿತರೆ ಒಂದೇ ಆಟಗಾರನಿಗೆ ಎರಡು ಊರು, ಒಂದೇ ಚಿತ್ರಕ್ಕೆ ಹತ್ತಾರು ಹಿಂಬದಿ. ಯಾವುದನ್ನು ಪ್ರಭೇದ ಎನ್ನಬೇಕು, ಯಾವುದನ್ನು ಮುದ್ರಣದೋಷ ಎನ್ನಬೇಕು ಎಂಬುದೇ ಬಗೆಹರಿಯುತ್ತಿಲ್ಲ. ಬೆಲೆ ನನಗೆ ಮುಖ್ಯವಲ್ಲ. ನನ್ನ ಕೈಯಲ್ಲಿರುವುದು ಏನೆಂದು ಸರಿಯಾಗಿ ತಿಳಿಯಬೇಕು.

ಹಿಂಬದಿ

ಸ್ವಾಗತ. ಮೊದಲ ಕೆಲಸವಾಗಿ ಕಾರ್ಡುಗಳನ್ನೆಲ್ಲ ಮಗುಚಿ ಹಾಕಿ, ಆಟಗಾರನ ಮುಖ ನೋಡುವುದನ್ನು ಸ್ವಲ್ಪ ಹೊತ್ತು ಬಿಡಿ. ಹೊಸಬರು ಚಿತ್ರಕ್ಕೆ ಮನಸೋತು ಕಾರ್ಡಿನ ಅರ್ಧ ಚರಿತ್ರೆಯನ್ನೇ ಓದದೆ ಬಿಡುತ್ತಾರೆ ಎಂಬುದು ನನ್ನ ಬಹುಕಾಲದ ಸಂಕಟ.

ಹಿನ್ನೆಲೆ ಇಷ್ಟು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪನಿ ತನ್ನ ಬೇರೆ ಬೇರೆ ಬ್ರ್ಯಾಂಡುಗಳ ಪೊಟ್ಟಣಗಳಲ್ಲಿ ಈ ಕಾರ್ಡುಗಳನ್ನು ಹಾಕಿ ಹಂಚಿತು. ಮುದ್ರಿಸಿದ್ದು ನ್ಯೂಯಾರ್ಕಿನ ಅಮೆರಿಕನ್ ಲಿಥೋಗ್ರಾಫಿಕ್ ಕಂಪನಿ. ಮುಂಬದಿಯ ಲೆಕ್ಕದಲ್ಲಿ ಸಂಗ್ರಾಹಕರು ಸಾಮಾನ್ಯವಾಗಿ ಒಪ್ಪುವ ಸಂಖ್ಯೆ 524. ಟಿ206 ಎಂಬ ಹೆಸರನ್ನು ಕೊಟ್ಟದ್ದು ಕಂಪನಿಯಲ್ಲ. ಅಮೆರಿಕದ ಕಾರ್ಡುಗಳನ್ನೆಲ್ಲ ಪಟ್ಟಿ ಮಾಡಿದ ಜೆಫರ್ಸನ್ ಬರ್ಡಿಕ್ ಇಪ್ಪತ್ತನೆಯ ಶತಮಾನದ ತಂಬಾಕು ಕಾರ್ಡುಗಳಿಗೆ 'ಟಿ' ಎಂಬ ಗುರುತನ್ನೂ ಹತ್ತೊಂಬತ್ತನೆಯ ಶತಮಾನದವಕ್ಕೆ 'ಎನ್' ಎಂಬ ಗುರುತನ್ನೂ ಇಟ್ಟರು. ಅವರ ಸಂಗ್ರಹ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯದಲ್ಲಿದೆ.

ಈಗ ಹಿಂಬದಿಗೆ ಬನ್ನಿ. ಅಲ್ಲಿ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಬ್ರ್ಯಾಂಡು, ಸರಣಿಯ ಅಂಕಿ, ಕಾರ್ಖಾನೆಯ ಸಂಖ್ಯೆ.

ಹೆಚ್ಚಾಗಿ ಸಿಗುವ ಬ್ರ್ಯಾಂಡುಗಳು ಎರಡು: ನೀಲಿ ಶಾಯಿಯ ಪೀಡ್‌ಮಾಂಟ್, ಕೆಂಪು ಶಾಯಿಯ ಸ್ವೀಟ್ ಕ್ಯಾಪೊರಲ್. ಓಲ್ಡ್ ಮಿಲ್, ಸಾವರಿನ್, ಪೋಲಾರ್ ಬೇರ್, ಟಾಲ್‌ಸ್ಟಾಯ್, ಸೈಕಲ್, ಅಮೆರಿಕನ್ ಬ್ಯೂಟಿ, ಎಲ್ ಪ್ರಿನ್ಸಿಪೆ ದೆ ಗಾಲೆಸ್, ಹಿಂದೂ ಮೊದಲಾದವು ಅವುಗಳಿಗಿಂತ ಕಡಿಮೆ. ಡ್ರಮ್, ಯೂಜಿಟ್, ಲೆನಾಕ್ಸ್, ಬ್ರಾಡ್ ಲೀಫ್ ಕಂಡರೆ ಎದೆ ಹಾರುವಷ್ಟು ವಿರಳ. ಎಲ್ಲಕ್ಕಿಂತ ವಿಚಿತ್ರವಾದದ್ದು ಆಟಗಾರ ಟೈ ಕಾಬ್‌ನ ಹೆಸರಿನದೇ ತಂಬಾಕಿನ ಹಿಂಬದಿ. ಅದು ಕಾಬ್‌ನ ಕೆಂಪು ಹಿನ್ನೆಲೆಯ ಭಾವಚಿತ್ರದ ಬೆನ್ನಿಗೆ ಮಾತ್ರ ಬರುತ್ತದೆ.

ಸರಣಿಯ ಅಂಕಿ 150, 350, 460 ಎಂದಿರುತ್ತದೆ. ಕೆಲವದರಲ್ಲಿ 350-460 ಎಂದು ಒಟ್ಟಿಗೇ ಇರುತ್ತದೆ. ಇದನ್ನು ಅಕ್ಷರಶಃ ಎಣಿಕೆ ಎಂದುಕೊಳ್ಳಬೇಡಿ, ಮುದ್ರಣದ ಹಂತ ಎಂದುಕೊಳ್ಳಿ. ಮೊದಲ ಹಂತದಲ್ಲಿ ಬಂದ ಚಿತ್ರಗಳು ಮುಂದಿನ ಹಂತದಲ್ಲೂ ಬಂದಿರಬಹುದು, ಕೊನೆಯ ಹಂತದ ಚಿತ್ರಗಳು ಮೊದಲಿನದರಲ್ಲಿ ಇರುವುದಕ್ಕೆ ಸಾಧ್ಯವಿಲ್ಲ.

ಕಾರ್ಖಾನೆಯ ಸಂಖ್ಯೆ ತೆರಿಗೆ ಇಲಾಖೆಯ ನಿಯಮದಿಂದ ಬಂದದ್ದು. ಪೀಡ್‌ಮಾಂಟ್ ಆದರೆ ಸಾಮಾನ್ಯವಾಗಿ ವರ್ಜೀನಿಯಾದ 25ನೇ ಸಂಖ್ಯೆ. ಸ್ವೀಟ್ ಕ್ಯಾಪೊರಲ್ ಆದರೆ ಅದೇ 25, ನ್ಯೂಯಾರ್ಕಿನ 30 ಅಥವಾ 649, ಇಲ್ಲವೇ ಉತ್ತರ ಕೆರೊಲಿನಾದ 42. ಇದರಲ್ಲಿ 649ರ ಕಾರ್ಡುಗಳನ್ನು ಹತ್ತಿರದಿಂದ ನೋಡಿ. ಕೆಲವದರಲ್ಲಿ ಮೊದಲಿದ್ದ ಸಂಖ್ಯೆಯ ಮೇಲೆ ಹೊಸದನ್ನು ಅಚ್ಚು ಹಾಕಿರುತ್ತಾರೆ. ಸಂಗ್ರಾಹಕರು ಅದನ್ನು ಪ್ರತ್ಯೇಕ ಹಿಂಬದಿ ಎಂದೇ ಎಣಿಸುತ್ತಾರೆ.

ಮಲೆನಾಡಿಗ

ಅಡ್ಡ ಪ್ರಶ್ನೆಗೆ ಕ್ಷಮೆ ಇರಲಿ. ಹಿಂಬದಿ ಬೇರೆಯಾದರೆ ಕಾರ್ಡೇ ಬೇರೆ ಎಂದು ಲೆಕ್ಕವೇ? ಒಬ್ಬ ಆಟಗಾರನ ಒಂದು ಚಿತ್ರವನ್ನು ಎಲ್ಲ ಹಿಂಬದಿಗಳ ಜೊತೆ ಕೂಡಿಸುತ್ತ ಹೋದರೆ ಅದಕ್ಕೆ ಕೊನೆ ಎಲ್ಲಿ?

ಹಿಂಬದಿ

524 ಎನ್ನುವುದು ಮುಂಬದಿಯ ಲೆಕ್ಕ. ಹಿಂಬದಿಯನ್ನೂ ಕೂಡಿಸಿಕೊಂಡರೆ ಸಂಖ್ಯೆ ಸಾವಿರಗಳಿಗೆ ಹೋಗುತ್ತದೆ. ಅಷ್ಟನ್ನೂ ಕೂಡಿಸಬೇಕೆಂದು ಯಾರೂ ಹೇಳುತ್ತಿಲ್ಲ, ಬರೆದಿಡಬೇಕೆಂದು ಹೇಳುತ್ತಿದ್ದೇನೆ. ಯಾವ ಮುಂಬದಿಯ ಜೊತೆ ಯಾವ ಹಿಂಬದಿ ಬಂದಿದೆ ಎಂಬ ಜೋಡಿಯೇ ಈ ಸರಣಿಯ ವ್ಯಾಕರಣ. ಆಟಗಾರ ಹೋನಸ್ ವ್ಯಾಗ್ನರ್‌ನ ಅತಿ ವಿರಳ ಕಾರ್ಡನ್ನೇ ತೆಗೆದುಕೊಳ್ಳಿ. ಅದನ್ನು ಬೇಗನೆ ನಿಲ್ಲಿಸಿದ್ದರಿಂದ ಪೀಡ್‌ಮಾಂಟ್ 150 ಮತ್ತು ಸ್ವೀಟ್ ಕ್ಯಾಪೊರಲ್ 150 ಹಿಂಬದಿಗಳಲ್ಲಿ ಮಾತ್ರ ಸಿಗುತ್ತದೆ. ಯಾರಾದರೂ ವ್ಯಾಗ್ನರ್ ಬೆನ್ನಿಗೆ 350 ಅಥವಾ 460 ತೋರಿಸಿದರೆ ಮುಂದಿನ ಪರೀಕ್ಷೆಯೇ ಬೇಡ. ಎಡ್ಡಿ ಪ್ಲಾಂಕ್ ಕೂಡ ಅತಿ ವಿರಳ, ಆದರೆ ಅವನು ಸ್ವೀಟ್ ಕ್ಯಾಪೊರಲ್ 350ರಲ್ಲೂ ಬಂದಿದ್ದಾನೆ. ಇಬ್ಬರನ್ನೂ ಒಂದೇ ಕಾರಣಕ್ಕೆ ಒಂದೇ ದಿನ ನಿಲ್ಲಿಸಿದರು ಎಂಬ ಕಥೆ ಹೇಳುವವರಿಗೆ ಈ ಹಿಂಬದಿಯೇ ಉತ್ತರ.

ಕಲ್ಲಚ್ಚು

ಹಿಂಬದಿ ಅವರ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಅದಕ್ಕೂ ಮೊದಲು ಕಾರ್ಡು ಅಸಲಿಯೇ ಎಂದು ತೀರ್ಮಾನವಾಗಬೇಕು. ಈ ಸರಣಿಗೆ ಮರುಮುದ್ರಣಗಳು ಲೆಕ್ಕವಿಲ್ಲದಷ್ಟು ಬಂದಿವೆ. ಹಿಂದೆ ಮರುಮುದ್ರಣ ಎಂದು ಬರೆದಿದ್ದನ್ನು ಕೆರೆದು, ಮೂಲೆ ಸವೆಸಿ, ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡುವವರಿದ್ದಾರೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಮೊದಲು ಹೆಸರಿನ ಅಕ್ಷರಗಳನ್ನು ನೋಡಿ. ಅಸಲಿ ಕಾರ್ಡಿನಲ್ಲಿ ಅಕ್ಷರ ಒಂದೇ ಕಂದು ಶಾಯಿಯಲ್ಲಿ ತುಂಬಿಕೊಂಡಿರುತ್ತದೆ, ಅಂಚು ಕಡಿದಂತೆ ನಿಚ್ಚಳವಾಗಿರುತ್ತದೆ. ಆಧುನಿಕ ಮರುಮುದ್ರಣದಲ್ಲಿ ಅದೇ ಅಕ್ಷರ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳಾಗಿ ಒಡೆಯುತ್ತದೆ. ಆಮೇಲೆ ಕೆನ್ನೆ, ಆಕಾಶ, ಅಂಗಿಯ ಮಡಿಕೆಗಳ ಮೇಲೆ ಗಾಜನ್ನು ಸರಿಸಿ. ಕಲ್ಲಚ್ಚಿನಲ್ಲಿ, ಅಂದರೆ ಈ ಕಾರ್ಡುಗಳನ್ನು ಮುದ್ರಿಸಿದ ಲಿಥೋಗ್ರಫಿಯಲ್ಲಿ, ಪ್ರತಿ ಬಣ್ಣಕ್ಕೂ ಬೇರೆ ಅಚ್ಚು. ಚುಕ್ಕೆಗಳು ಇದ್ದರೂ ಅವು ಸಾಲುಗಟ್ಟಿ ಹೂವಿನ ಎಸಳುಗಳಂತೆ ಜೋಡಿಸಿಕೊಂಡಿರುವುದಿಲ್ಲ. ಕೆಲವೆಡೆ ದಟ್ಟ, ಕೆಲವೆಡೆ ವಿರಳ, ನಡುವೆ ಚುಕ್ಕೆಯೇ ಇಲ್ಲದ ಗಟ್ಟಿ ಬಣ್ಣದ ಹರವು.

ಅತಿನೇರಳೆ ಬೆಳಕಿನ ಸಣ್ಣ ದೀಪವೊಂದನ್ನು ಕೊಳ್ಳಿ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದವು. ಕತ್ತಲೆಯಲ್ಲಿ ಆ ದೀಪ ಹಿಡಿದಾಗ ಕಾರ್ಡು ನೀಲಿ ಮಿಶ್ರಿತ ಬಿಳಿಯಾಗಿ ಉರಿದರೆ ಅದು 1910ರ ಕಾಗದವಲ್ಲ. ಹೊಳೆಯಲಿಲ್ಲ ಎಂದಮಾತ್ರಕ್ಕೆ ಅಸಲಿ ಎಂದೂ ಅಲ್ಲ, ಹಳೆಯ ಕಾಗದ ಹುಡುಕಿ ಅದರ ಮೇಲೆ ಮುದ್ರಿಸುವುದು ಅಸಾಧ್ಯವೇನಲ್ಲ. ಆಗ ಭೂತಗನ್ನಡಿಯ ಸಾಕ್ಷಿಯೇ ದೊಡ್ಡದು.

ದೂರತೀರ

ಇಬ್ಬರಿಗೂ ವಂದನೆ. ಮಗುಚಿ ಬರೆದಿಟ್ಟ ಪಟ್ಟಿಯಿಂದ ಗೊಂದಲವಿರುವವನ್ನು ಮಾತ್ರ ಹಾಕುತ್ತಿದ್ದೇನೆ.

ಡಾಲೆನ್, ಬ್ರೂಕ್ಲಿನ್. ಹಿಂಬದಿ ಪೀಡ್‌ಮಾಂಟ್ 350.
ಬ್ರೌನ್, ವಾಷಿಂಗ್ಟನ್. ಆಟಗಾರನ ನಿಜವಾದ ಹೆಸರಿನ ಕೊನೆಯಲ್ಲಿ ಇನ್ನೊಂದು ಅಕ್ಷರವಿದೆ ಎಂದು ಓದಿದೆ. ತಪ್ಪು ಕಾಗುಣಿತದ ಪ್ರಭೇದವೇ?
ಡಾಯ್ಲ್, ಕೈ ಮೇಲೆತ್ತಿದ ಭಂಗಿ. ಹೆಸರಿನ ಮುಂದೆ ನ್ಯೂಯಾರ್ಕ್ ಎಂಬುದರ ಸಂಕ್ಷಿಪ್ತ ರೂಪ ಮಾತ್ರ ಇದೆ.
ಸ್ನಾಡ್‌ಗ್ರಾಸ್, ಚೆಂಡು ಹಿಡಿಯುವ ಭಂಗಿ. ಮೊದಲ ಅಕ್ಷರ ಉಳಿದವುಗಳಿಗಿಂತ ಸ್ವಲ್ಪ ತೆಳು.
ಕಾಬ್, ಕೆಂಪು ಹಿನ್ನೆಲೆ. ಇದೊಂದೇ ತೀರಾ ಸ್ವಚ್ಛವಾಗಿದೆ.
ಕೊನೆಯದು ಅಮೆರಿಕನ್ ಬ್ಯೂಟಿ ಹಿಂಬದಿಯ ಕಾರ್ಡು. ಉಳಿದವುಗಳ ಮೇಲಿಟ್ಟರೆ ಅಗಲ ಕಡಿಮೆ. ಇಲ್ಲಿನ ಒಬ್ಬ ವ್ಯಾಪಾರಿ ನೋಡಿದ ಕೂಡಲೇ ಅಂಚು ಕತ್ತರಿಸಿದ್ದಾರೆ ಎಂದು ಬದಿಗೆ ಸರಿಸಿದರು.

ಹಿಂಬದಿ

ಡಾಲೆನ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ನಿಜವಾದ ಪ್ರಭೇದ ಎಂದರೆ ಏನೆಂಬುದು ಅಲ್ಲಿ ಸ್ಪಷ್ಟವಾಗಿದೆ. ಬಿಲ್ ಡಾಲೆನ್ ಮೊದಲು ಬಂದದ್ದು ಬಾಸ್ಟನ್ ಹೆಸರಿನಲ್ಲಿ. 1910ರಲ್ಲಿ ಅವನು ಬ್ರೂಕ್ಲಿನ್ ತಂಡದ ವ್ಯವಸ್ಥಾಪಕನಾದ. ಮುದ್ರಕರು ಚಿತ್ರವನ್ನು ಇಟ್ಟುಕೊಂಡು ಊರನ್ನು ಬದಲಿಸಿದರು. ನಿಮ್ಮಲ್ಲಿರುವುದು ಎರಡನೆಯದು. 350ರ ಹಿಂಬದಿ ಅದಕ್ಕೆ ಹೊಂದುತ್ತದೆ. ಬಾಸ್ಟನ್ ಕಾರ್ಡಿಗಿಂತ ಇದು ಕಡಿಮೆ ಸಿಗುತ್ತದೆ, ಜೋಪಾನ ಮಾಡಿ.

ಇಂಥವು ಇನ್ನೂ ಇವೆ. ಕಿಡ್ ಎಲ್ಬರ್‌ಫೆಲ್ಡ್‌ನನ್ನು 1909ರ ಕೊನೆಯಲ್ಲಿ ವಾಷಿಂಗ್ಟನ್ನಿಗೆ ಕೊಟ್ಟರು; ಭಾವಚಿತ್ರ ನ್ಯೂಯಾರ್ಕ್ ಹೆಸರಿನಲ್ಲೂ ವಾಷಿಂಗ್ಟನ್ ಹೆಸರಿನಲ್ಲೂ ಇದೆ. ಕ್ಲೀನೋ 1910ರಲ್ಲಿ ನ್ಯೂಯಾರ್ಕಿನಿಂದ ಬಾಸ್ಟನ್ನಿಗೆ ಹೋದ. ಫ್ರ್ಯಾಂಕ್ ಸ್ಮಿತ್ ಅದೇ ವರ್ಷ ಷಿಕಾಗೋದಿಂದ ಬಾಸ್ಟನ್ನಿಗೆ ಹೋದಾಗ ಮುದ್ರಕರು ಎರಡು ಊರನ್ನೂ ಸೇರಿಸಿಯೇ ಬರೆದುಬಿಟ್ಟರು. ಒಂದು ಋತುವಿನ ನಡುವೆ ಆಟಗಾರರು ಅತ್ತಿತ್ತ ಆಗುತ್ತಿದ್ದಾಗ ಅಚ್ಚಿನ ಮನೆ ಹೇಗೆ ಹಿಂದೆ ಬಿದ್ದು ಓಡುತ್ತಿತ್ತು ಎಂಬುದು ಆ ಒಂದು ಸಾಲಿನಲ್ಲಿ ಕಾಣುತ್ತದೆ. ನನಗೆ ವ್ಯಾಗ್ನರ್‌ಗಿಂತ ಆ ಸ್ಮಿತ್ ಕಾರ್ಡಿನ ಮೇಲೆಯೇ ಪ್ರೀತಿ ಹೆಚ್ಚು.

ಊರು ಬದಲಾದವುಗಳಲ್ಲಿ ಕಠಿಣವಾದವು ರೇ ಡೆಮಿಟ್ ಮತ್ತು ಬಿಲ್ ಒಹಾರ. ಇಬ್ಬರೂ ನ್ಯೂಯಾರ್ಕಿನ ಹೆಸರಿನಲ್ಲಿ ಸುಲಭವಾಗಿ ಸಿಗುತ್ತಾರೆ. ಸೇಂಟ್ ಲೂಯಿಸ್ ಎಂದು ತಿದ್ದಿದ ಕಾರ್ಡುಗಳು ಪೋಲಾರ್ ಬೇರ್ ಹಿಂಬದಿಯಲ್ಲಿ ಮಾತ್ರ ಬಂದಿವೆ. ಪೋಲಾರ್ ಬೇರ್ ಸಿಗರೇಟಲ್ಲ, ಪುಡಿಪುಡಿಯಾದ ತಂಬಾಕಿನ ಚೀಲ. ಕಾರ್ಡು ಆ ತಂಬಾಕಿನ ನಡುವೆಯೇ ಬಿದ್ದಿರುತ್ತಿದ್ದ ಕಾರಣ ಕಂದು ಕಲೆ ಸಾಮಾನ್ಯ. ಕಲೆಯಿದೆ ಎಂದು ಅಂಥ ಕಾರ್ಡನ್ನು ತೊಳೆಯಲು ಹೋಗಬೇಡಿ ಎಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಬ್ರೌನ್ ಕಾರ್ಡಿನ ತಪ್ಪು ಕಾಗುಣಿತ ಷಿಕಾಗೋ ಕಾರ್ಡಿನಲ್ಲೂ ಇದೆ, ವಾಷಿಂಗ್ಟನ್ ಕಾರ್ಡಿನಲ್ಲೂ ಇದೆ. ಅದನ್ನು ಯಾರೂ ತಿದ್ದಲಿಲ್ಲ. ತಿದ್ದದ ತಪ್ಪಿನಿಂದ ಪ್ರಭೇದ ಹುಟ್ಟುವುದಿಲ್ಲ. ಊರಿನ ಬದಲಾವಣೆಯೇ ಇಲ್ಲಿ ಪ್ರಭೇದ.

ಕಲ್ಲಚ್ಚು

ತಿದ್ದಿದ ತಪ್ಪು ಎಂದರೆ ಶೆರಿ ಮೆಗೀ. ಇಂಗ್ಲಿಷಿನಲ್ಲಿ ಅವನ ಹೆಸರಿನ ಕೊನೆಗೆ ಎರಡು 'ಇ' ಇವೆ; ಭಾವಚಿತ್ರದ ಕೆಳಗೆ ಮೊದಲು ಅವುಗಳಲ್ಲಿ ಮೊದಲನೆಯದರ ಜಾಗದಲ್ಲಿ 'ಐ' ಅಕ್ಷರ ಬಿತ್ತು. ಬೇಗನೆ ಸರಿಪಡಿಸಿದರು. ತಪ್ಪಿರುವ ಕಾರ್ಡು ಪೀಡ್‌ಮಾಂಟ್ 150ರಲ್ಲಿ ಮಾತ್ರ ಸಿಗುತ್ತದೆ. ಸರಿಯಾದ ಕಾರ್ಡಿನ ಆ ಅಕ್ಷರದಿಂದ ಅಡ್ಡಗೆರೆಗಳನ್ನು ಕೆರೆದು ತಪ್ಪಿನ ಕಾರ್ಡು ತಯಾರಿಸುವವರಿಗೆ ಬೇಕಾದದ್ದು ಒಂದು ಬ್ಲೇಡು ಮಾತ್ರ. ಆದ್ದರಿಂದ ಗಾಜು ಹಿಡಿದು ಆ ಅಕ್ಷರದ ಸುತ್ತಲಿನ ಕಾಗದವನ್ನು ಓರೆ ಬೆಳಕಿನಲ್ಲಿ ನೋಡಬೇಕು. ಕೆರೆದ ಕಡೆ ನಾರು ಎದ್ದಿರುತ್ತದೆ, ಕಾಗದದ ಮೈ ಮಂಕಾಗಿರುತ್ತದೆ.

ದೂರತೀರ ಅವರ ಡಾಯ್ಲ್ ಕೂಡ ಇದೇ ಜಾತಿಯ ಕಥೆ. ನ್ಯೂಯಾರ್ಕಿನಲ್ಲಿ ಆಗ ಇಬ್ಬರು ಡಾಯ್ಲ್ ಆಡುತ್ತಿದ್ದರು. ಜೋ ಡಾಯ್ಲ್ ಅಮೆರಿಕನ್ ಲೀಗಿನ ತಂಡದಲ್ಲಿ, ಲ್ಯಾರಿ ಡಾಯ್ಲ್ ನ್ಯಾಷನಲ್ ಲೀಗಿನ ಜೈಂಟ್ಸ್ ತಂಡದಲ್ಲಿ. ಜೋ ಕಾರ್ಡಿನ ಕೆಳಗೆ ಮೊದಲು ನ್ಯಾಷನಲ್ ಲೀಗಿನ ಸಂಕೇತ ಬಿತ್ತು. ಗೊತ್ತಾದ ಮೇಲೆ ಅದನ್ನು ಅಚ್ಚಿನಿಂದ ತೆಗೆದು ಊರಿನ ಹೆಸರನ್ನಷ್ಟೇ ಉಳಿಸಿದರು. ನಿಮ್ಮ ಕಾರ್ಡು ಹಾಗೆ ತಿದ್ದಿದ ನಂತರದ್ದು, ಸಾಮಾನ್ಯವಾಗಿ ಸಿಗುವಂಥದ್ದು. ತಪ್ಪಿನ ಕಾರ್ಡು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಇಲ್ಲಿ ಮೋಸ ಉಲ್ಟಾ ದಿಕ್ಕಿನಲ್ಲಿ ನಡೆಯುತ್ತದೆ: ಅಕ್ಷರ ಕೆರೆಯುವುದಿಲ್ಲ, ಸೇರಿಸುತ್ತಾರೆ. ಸೇರಿಸಿದ ಅಕ್ಷರದ ಶಾಯಿ ಪಕ್ಕದ ಅಕ್ಷರದ ಕಂದಿಗೆ ಹೊಂದುತ್ತದೆಯೇ ಎಂಬುದೇ ಪರೀಕ್ಷೆ.

ಇನ್ನು ಸ್ನಾಡ್‌ಗ್ರಾಸ್. ಮೊದಲ 'ಎಸ್' ಅಕ್ಷರ ಪೂರ್ತಿ ಬಿದ್ದುಹೋದ ಕಾರ್ಡುಗಳನ್ನು ದೊಡ್ಡ ಬೆಲೆಗೆ ಮಾರುತ್ತಾರೆ. ನಿಮ್ಮದರಲ್ಲಿ ಅಕ್ಷರ ತೆಳುವಾಗಿದೆ ಅಷ್ಟೆ. ನನ್ನ ಪ್ರಕಾರ ಪೂರ್ತಿ ಬಿದ್ದದ್ದು ಕೂಡ ಪ್ರಭೇದವಲ್ಲ, ಮುದ್ರಣದೋಷ. ಅಚ್ಚಿಗೆ ಏನೋ ಅಡ್ಡ ಬಂತು, ಶಾಯಿ ಹತ್ತಲಿಲ್ಲ. ಯಾರೂ ಬೇಕೆಂದು ಬದಲಿಸಲಿಲ್ಲ.

ಅಂಚೆಪ್ರಿಯ

ಇಲ್ಲಿ ನನ್ನ ತಕರಾರಿದೆ. ನಾನು ಅಂಚೆಚೀಟಿ ಕೂಡಿಸುವವನು. ನಮ್ಮಲ್ಲಿ ಅಚ್ಚಿನ ಒಂದು ನಿರ್ದಿಷ್ಟ ಸ್ಥಾನದಲ್ಲಿ ದೋಷವಿದ್ದು ಅದು ಹಾಳೆಯಿಂದ ಹಾಳೆಗೆ ಮರುಕಳಿಸಿದರೆ ಅದನ್ನು ಪಟ್ಟಿಗೆ ಸೇರಿಸುತ್ತೇವೆ; ಒಮ್ಮೆ ಮಾತ್ರ ಬಂದು ಹೋದ ಶಾಯಿಯ ಚುಕ್ಕೆಯನ್ನು ಸೇರಿಸುವುದಿಲ್ಲ. ಸ್ನಾಡ್‌ಗ್ರಾಸ್‌ನ ಅದೇ ಅಕ್ಷರ ಒಂದಕ್ಕಿಂತ ಹೆಚ್ಚು ಪ್ರತಿಗಳಲ್ಲಿ ಇಲ್ಲವೆಂದಾದರೆ ದೋಷ ಅಚ್ಚಿನಲ್ಲೇ ಕುಳಿತಿತ್ತು ಎಂದರ್ಥ. ಬದಲಿಸಿದವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕಿಂತ ದೋಷ ಮರುಕಳಿಸಿತೇ ಎಂಬುದು ಗಟ್ಟಿಯಾದ ಅಳತೆಗೋಲು. ಮೆಗೀ ಕಾರ್ಡಿನಲ್ಲಿ ಅಕ್ಷರ ಜೋಡಿಸಿದವನ ಕೈತಪ್ಪಿಗೂ ಇಲ್ಲಿ ಅಚ್ಚಿಗೆ ಅಂಟಿದ ಕಸಕ್ಕೂ ಬೆಲೆಯಲ್ಲಿ ವ್ಯತ್ಯಾಸ ಇರಲಿ, ಆದರೆ ಒಂದನ್ನು ಪಟ್ಟಿಗೆ ಸೇರಿಸಿ ಇನ್ನೊಂದನ್ನು ಹೊರಗಿಡಲು ನನಗೆ ಕಾರಣ ಕಾಣುತ್ತಿಲ್ಲ.

ಕಲ್ಲಚ್ಚು

ನಿಮ್ಮ ವಾದದ ಬಲ ನನಗೆ ಗೊತ್ತು. ಆದರೆ ಅಂಚೆಚೀಟಿಯಲ್ಲಿ ನಿಮಗೆ ಪೂರ್ಣ ಹಾಳೆಗಳಿವೆ, ಪ್ರತಿ ಚೀಟಿಯ ಸ್ಥಾನವನ್ನು ಬೆರಳಿಟ್ಟು ತೋರಿಸಬಲ್ಲಿರಿ. ಟಿ206ಕ್ಕೆ ಕತ್ತರಿಸದ ಪೂರ್ಣ ಹಾಳೆ ನಮ್ಮ ಕೈಗೆ ಸಿಕ್ಕಿಲ್ಲ. ವ್ಯಾಗ್ನರ್ ಸೇರಿದಂತೆ ಐವರು ಆಟಗಾರರು ಸಾಲಾಗಿರುವ, ಪರೀಕ್ಷೆಗೆಂದು ಅಚ್ಚು ಹಾಕಿದ ಕಾಗದದ ಉದ್ದ ತುಂಡೊಂದು ಇದೆ: ಬ್ರೌನ್ (ಮೇಲಿನ ವಾಷಿಂಗ್ಟನ್ ಬ್ರೌನ್ ಅಲ್ಲ), ವ್ಯಾಗ್ನರ್, ಬವರ್‌ಮನ್, ಯಂಗ್, ಕ್ಲಿಂಗ್. ಅದನ್ನು ಬಿಟ್ಟರೆ ಹಾಳೆಯ ವಿನ್ಯಾಸವನ್ನು ತಪ್ಪಾಗಿ ಕತ್ತರಿಸಿದ ಕಾರ್ಡುಗಳಿಂದಲೇ ಊಹಿಸಬೇಕು. ಮೇಲೂ ಕೆಳಗೂ ಹೆಸರಿರುವ ಕಾರ್ಡುಗಳಲ್ಲಿ ಹೆಚ್ಚಿನವು ಒಂದೇ ಹೆಸರನ್ನು ಎರಡು ಬಾರಿ ತೋರಿಸುತ್ತವೆ. ಅಂದರೆ ಒಬ್ಬನೇ ಆಟಗಾರ ಕಂಬಸಾಲಿನಲ್ಲಿ ಮೇಲಿಂದ ಕೆಳಗೆ ಮತ್ತೆ ಮತ್ತೆ ಬಂದಿದ್ದ. ಹಾಗಾಗಿ ಒಬ್ಬನ ಹತ್ತು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ದೋಷವಿದ್ದರೂ ಆ ಸ್ಥಾನ ಯಾವುದೆಂದು ಹೇಳುವ ಹಾದಿ ನಮಗಿಲ್ಲ.

ಬಣ್ಣ ಬಿಟ್ಟುಹೋದ ಕಾರ್ಡುಗಳ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಕೆಂಪು ಶಾಯಿಯ ಸರದಿ ತಪ್ಪಿದರೆ ತುಟಿ ಬಿಳಿಚುತ್ತದೆ, ಅಂಗಿಯ ಮೇಲಿನ ಗುರುತು ಮಾಯವಾಗುತ್ತದೆ. ನೋಡಲು ಕುತೂಹಲಕರ, ನಾನೂ ಇಷ್ಟಪಡುತ್ತೇನೆ. ಆದರೆ ಬಿಸಿಲಿಗೆ ಹಿಡಿದೂ ಕೆಂಪನ್ನು ಬಾಡಿಸಬಹುದು.

ಅಂಚೆಪ್ರಿಯ

ಹಾಳೆಯಿಲ್ಲ ಎಂಬ ಮಾತಿಗೆ ನನ್ನಲ್ಲಿ ಪ್ರತ್ಯುತ್ತರವಿಲ್ಲ. ಆದರೂ ಮರುಕಳಿಸುವ ದೋಷಗಳಿಗೆ ಬೇರೆಯೇ ಒಂದು ಪಟ್ಟಿ ಇರಬೇಕು ಎಂಬ ಅಭಿಪ್ರಾಯವನ್ನು ಬಿಡುವುದಿಲ್ಲ. ಒಂದೇ ಕಡೆ ಒಂದೇ ಗೀರು ಇರುವ ಕಾರ್ಡುಗಳನ್ನು ಜೋಡಿಸುತ್ತ ಹೋದರೆ ಆ ಹಾಳೆಯ ರೂಪ ಹೊರಬರಬಹುದು.

ಮಲೆನಾಡಿಗ

ಕಾಬ್‌ನ ಕೆಂಪು, ಹಸಿರು ಹಿನ್ನೆಲೆಗಳು ಕೂಡ ಪ್ರಭೇದಗಳೇ?

ಹಿಂಬದಿ

ಅಲ್ಲ. ಕಾಬ್‌ಗೆ ನಾಲ್ಕು ಕಾರ್ಡುಗಳಿವೆ: ಕೆಂಪು ಭಾವಚಿತ್ರ, ಹಸಿರು ಭಾವಚಿತ್ರ, ಬ್ಯಾಟು ಹೆಗಲ ಮೇಲೆ, ಬ್ಯಾಟು ಹೆಗಲಿನಿಂದ ಈಚೆಗೆ. ನಾಲ್ಕೂ ಸ್ವತಂತ್ರ ಚಿತ್ರಗಳು. ಒಂದೇ ಚಿತ್ರದೊಳಗೆ ಬದಲಾವಣೆಯಾದರೆ ಮಾತ್ರ ಪ್ರಭೇದದ ಮಾತು.

ಹಿಂಬದಿಯಲ್ಲೂ ಸೂಕ್ಷ್ಮಗಳಿವೆ. ಅಮೆರಿಕನ್ ಬ್ಯೂಟಿ 350 ಚೌಕಟ್ಟಿನ ಗೆರೆ ಇರುವುದು, ಇಲ್ಲದಿರುವುದು ಎಂದು ಎರಡು ಬಗೆ. ಸಾವರಿನ್ 350ರಲ್ಲಿ ದಟ್ಟ ಹಸಿರು ಮತ್ತು ತಿಳಿ ಹಸಿರು. ಹಿಂದೂ ಹಿಂಬದಿ ಕಂದು ಶಾಯಿಯಲ್ಲೂ ಕೆಂಪು ಶಾಯಿಯಲ್ಲೂ ಇದೆ. ಕಂದು ಬಗೆಯಲ್ಲಿ ದಕ್ಷಿಣ ರಾಜ್ಯಗಳ ಸಣ್ಣ ಲೀಗುಗಳ ಆಟಗಾರರೂ ಬರುತ್ತಾರೆ. ಈ ದಕ್ಷಿಣದವರು ಒಟ್ಟು 48 ಮಂದಿ. ಇವರನ್ನು ಪೂರ್ತಿ ಕೂಡಿಸುವುದು ಇಡೀ ಸರಣಿಯಲ್ಲೇ ಹೆಚ್ಚು ತಾಳ್ಮೆ ಬೇಡುವ ಕೆಲಸಗಳಲ್ಲಿ ಒಂದು.

ಚಿತ್ರ ಅದೇ ಇದ್ದು ಹಿಂಬದಿಯಲ್ಲಿ ಕೂಪನ್ ಬ್ರ್ಯಾಂಡು ಕಂಡರೆ ಅದನ್ನು ಬರ್ಡಿಕ್ ಟಿ213 ಎಂದು ಬೇರೆ ಎಣಿಸಿದ್ದಾರೆ. ಅದರ ಮೊದಲ ಬಗೆಯನ್ನು ಟಿ206ಕ್ಕೇ ಸೇರಿಸಬೇಕೆಂದು ವಾದಿಸುವವರಿದ್ದಾರೆ, ನಾನೂ ಆ ಪಕ್ಷದವನು. ಆದರೆ ಅಗ್ಗದ ತೆಳು ಕಾಗದ, ನಂತರದ ಬಗೆಗಳಲ್ಲಿ ಹೆಸರು ನೀಲಿ ಶಾಯಿಯಲ್ಲಿರುವುದು, ಇವನ್ನು ನೆನಪಿಟ್ಟುಕೊಂಡರೆ ಗೊಂದಲವಾಗುವುದಿಲ್ಲ.

ಕಲ್ಲಚ್ಚು

ಅಗಲ ಕಡಿಮೆ ಇರುವ ಕಾರ್ಡಿನ ಬಗ್ಗೆ ಯಾರೂ ಹೇಳಲಿಲ್ಲ. ದೂರತೀರ, ಆ ವ್ಯಾಪಾರಿ ಕಾರ್ಡನ್ನು ಮಗುಚಿ ನೋಡಿದರೇ?

ಟಿ206ರ ಸಾಮಾನ್ಯ ಅಳತೆ ಅಗಲ 1 7/16 ಅಂಗುಲ, ಎತ್ತರ 2 5/8 ಅಂಗುಲ. ಅಮೆರಿಕನ್ ಬ್ಯೂಟಿ ಕಾರ್ಡುಗಳು ಕಾರ್ಖಾನೆಯಿಂದಲೇ ಕಿರಿದಾಗಿ ಬಂದವು. ಪೊಟ್ಟಣವೇ ಸಪೂರ. ಅಂಥ ಕಾರ್ಡು ಕಿರಿದಾಗಿದ್ದರೆ ಅದು ದೋಷವಲ್ಲ, ಅದರ ಜಾತಿಯ ಲಕ್ಷಣ.

ಆದರೂ ಪರೀಕ್ಷೆ ಮಾಡಿ. ಕಾರ್ಡನ್ನು ಅಂಚಿನ ಕಡೆಯಿಂದ ಹಿಡಿದು ನಾಲ್ಕೂ ಬದಿಯನ್ನು ಗಾಜಿನಲ್ಲಿ ಹೋಲಿಸಿ. ನೂರು ವರ್ಷ ಒಟ್ಟಿಗೆ ಸವೆದ ಬದಿಗಳು ಒಂದೇ ಬಣ್ಣಕ್ಕೆ ತಿರುಗಿರುತ್ತವೆ, ಮೂಲೆಯ ದುಂಡಗೆ ಹೊಂದುವಷ್ಟೇ ಸವೆದಿರುತ್ತವೆ. ಒಂದು ಬದಿ ಮಾತ್ರ ಬೆಳ್ಳಗೆ, ಚೂಪಾಗಿ, ಮಧ್ಯದಲ್ಲಿ ಸ್ವಲ್ಪ ಒಳಬಾಗಿದ್ದರೆ ಕತ್ತರಿ ಬಿದ್ದಿದೆ ಎಂದು ತಿಳಿಯಿರಿ.

ಪ್ರಸಿದ್ಧ ದೃಷ್ಟಾಂತವೊಂದಿದೆ. 1991ರಲ್ಲಿ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಬ್ರೂಸ್ ಮೆಕ್‌ನಾಲ್ ಸೇರಿ 4,51,000 ಡಾಲರಿಗೆ ಕೊಂಡ ವ್ಯಾಗ್ನರ್ ಕಾರ್ಡು ಆ ಕಾಲಕ್ಕೆ ಕಂಡ ಅತ್ಯಂತ ಚೆಂದದ ಪ್ರತಿ. ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಸಂಸ್ಥೆ ಪಿಎಸ್‌ಎ ಅದಕ್ಕೆ ಹತ್ತರಲ್ಲಿ 8 ಅಂಕ ಕೊಟ್ಟಿತು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಅದನ್ನು ಹಿಂದೆ ಮಾರಿದ್ದ ಬಿಲ್ ಮ್ಯಾಸ್ಟ್ರೋ 2013ರಲ್ಲಿ ನ್ಯಾಯಾಲಯದ ಮುಂದೆ ತಾನೇ ಅದರ ಬದಿಗಳನ್ನು ಕತ್ತರಿಸಿದ್ದಾಗಿ ಒಪ್ಪಿಕೊಂಡ. ಅದೇ ಆಟಗಾರನ, ಅಂಕ 2 ಮಾತ್ರ ಇದ್ದ ಇನ್ನೊಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಅಂಚು ನೋಡದೆ ಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಕತ್ತರಿಸಿದ ಒಂದು ಎಳೆಯಲ್ಲಿ ಪಕ್ಕದ ಕಾರ್ಡಿನ ಬಣ್ಣ ಇದ್ದಿರಬಹುದು. ಮೇಲೆ ಹೇಳಿದ ಹಾಳೆಯ ವಿನ್ಯಾಸಕ್ಕೆ ಅಂಥದ್ದೇ ಆಧಾರ.

ದೂರತೀರ

ಹೇಳಿದಂತೆ ನೋಡಿದೆ. ಅಮೆರಿಕನ್ ಬ್ಯೂಟಿ ಕಾರ್ಡಿನ ನಾಲ್ಕೂ ಬದಿ ಒಂದೇ ಮಬ್ಬು ಹಳದಿ, ಮೂಲೆಗಳು ಸಮನಾಗಿ ದುಂಡಗೆ. ಹಿಂಬದಿಯಲ್ಲಿ 350 ಎಂದಿದೆ, ಚೌಕಟ್ಟಿನ ಗೆರೆ ಇದೆ. ಸ್ನಾಡ್‌ಗ್ರಾಸ್‌ನ ಮೊದಲ ಅಕ್ಷರ ಗಾಜಿನಲ್ಲಿ ಪೂರ್ತಿ ಕಾಣುತ್ತದೆ, ಸುತ್ತ ನಾರೂ ಎದ್ದಿಲ್ಲ.

ಕಾಬ್ ಮಾತ್ರ ಅತಿನೇರಳೆ ಬೆಳಕಿನಲ್ಲಿ ಹೊಸ ಅಂಗಿಯಂತೆ ಹೊಳೆಯಿತು. ಹೆಸರಿನ ಅಕ್ಷರಗಳಲ್ಲಿ ಗುಲಾಬಿ ಮತ್ತು ನೀಲಿ ಚುಕ್ಕೆಗಳು. ಬೇರೆ ಲಕೋಟೆಯಲ್ಲಿಟ್ಟು ಮರುಮುದ್ರಣ ಎಂದು ಬರೆದಿದ್ದೇನೆ.

ಹಿಂಬದಿ

ಲಕೋಟೆಯ ಮೇಲಷ್ಟೇ ಬರೆದರೆ ಸಾಲದು, ಮುಂದೆ ಯಾರಾದರೂ ಬಿಡಿಸಿಬಿಡುತ್ತಾರೆ. ಆ ಕಾರ್ಡಿನ ಎರಡೂ ಬದಿಯ ಚಿತ್ರ ತೆಗೆದು ಉಳಿದವುಗಳ ದಾಖಲೆಯ ಜೊತೆಗೇ ಇಡಿ. ಅಮೆರಿಕನ್ ಬ್ಯೂಟಿಯ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು ಇಲ್ಲಿ ಹಾಕಿ. ಚೌಕಟ್ಟಿರುವ ಮತ್ತು ಇಲ್ಲದಿರುವ ಪ್ರತಿಗಳ ಅಳತೆಗಳನ್ನು ನಾನು ಒಟ್ಟುಗೂಡಿಸುತ್ತಿದ್ದೇನೆ. ಡಾಲೆನ್ ಕಾರ್ಡಿನ ಹಿಂಬದಿಯ ಚಿತ್ರವೂ ಬೇಕು, ಅಂಚಿನಲ್ಲಿ ಪಕ್ಕದ ಕಾರ್ಡಿನ ಗೆರೆಯೇನಾದರೂ ಉಳಿದಿದೆಯೇ ಎಂದು ನೋಡೋಣ.